ಬಿಳಿ ಎಲೆಯ ಗಿಡ

“ಗುರುಗಳೇ, ಮನಸ್ಸಿನ ಕಳೆಗಳನ್ನೆಲ್ಲ ಒಂದೊಂದಾಗಿ ಕಿತ್ತು ಹಾಕಿದ್ದೇನೆ. ಆದರೂ ಒಳಗೆಲ್ಲ ಒಣಗಿದ ಹಾಗಿದೆ. ಇನ್ನು ಯಾವುದನ್ನು ಕೀಳಲಿ?” ಎಂದು ಶಿಷ್ಯ ಅಡವೀಶ ಗುರುಗಳನ್ನು ಕೇಳಿದ.

ಅವನು ಸುಳ್ಳು ಹೇಳುವವನಲ್ಲ. ಮಠಕ್ಕೆ ಬಂದ ಮೇಲೆ ಸಿಹಿ ಬಿಟ್ಟಿದ್ದ, ಜೊತೆಯವರೊಡನೆ ನಗುವುದನ್ನು ಬಿಟ್ಟಿದ್ದ, ಹಾಡುವುದನ್ನೂ ಬಿಟ್ಟಿದ್ದ. ಉಳಿದವಳು ತಾಯಿಯೊಬ್ಬಳು. ಹುಣ್ಣಿಮೆಗೊಮ್ಮೆ ಆಕೆ ರಾಗಿ ರೊಟ್ಟಿ ಕಟ್ಟಿಕೊಂಡು ನಡೆದು ಬರುತ್ತಿದ್ದಳು. ಅದೂ ಮೋಹವೇ ಎಂದು ತಿಳಿದು, ಈಗ ತಾನೇ ಆಕೆಯನ್ನು ಬಾಗಿಲಲ್ಲೇ ನಿಲ್ಲಿಸಿ, ಇನ್ನು ಮುಂದೆ ಬರಬೇಡ ಎಂದು ಹೇಳಿ, ಗಂಟನ್ನು ಮುಟ್ಟದೆ ಒಳಗೆ ಬಂದಿದ್ದ.

ಬಾಗಿಲಲ್ಲಿ ನಡೆದುದನ್ನು ಕಂಡಿದ್ದ ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಬಿಳಿ ಪಂಚೆಗೆ ಅವನ ಅಂಗಡಿ ಹೆಸರುವಾಸಿ. ಸಾಸಿವೆಯಷ್ಟು ಕಲೆ ಕಂಡರೂ ಆ ಪಂಚೆಯನ್ನು ಪಕ್ಕಕ್ಕೆ ಎಸೆಯುತ್ತಿದ್ದ. ಕಣ್ಣು ಅಷ್ಟು ಚುರುಕು. ಚುರುಕು ಕಣ್ಣಿನವರಿಗೆ ಒಂದು ಕಷ್ಟವಿದೆ, ಅಂಗಡಿ ಮುಚ್ಚಿದರೂ ಕಣ್ಣು ಮುಚ್ಚುವುದಿಲ್ಲ.

ಅವನಿಗೆ ಗಿಡ ಸಾಕುವ ಗೆಳೆಯನೊಬ್ಬ ಒಂದು ಕುಂಡ ಕೊಟ್ಟ. ಅದು ಮಳೆಕಾಡಿನ ಗಿಡ, ಕೆಲವು ಎಲೆ ಅರ್ಧ ಹಸಿರು, ಅರ್ಧ ಬಿಳಿ, ಕೆಲವು ಪೂರ್ತಿ ಬಿಳಿ. ನೇರ ಬಿಸಿಲು ತಾಗಿಸಬೇಡ, ಆದರೆ ಬೆಳಕಿರಲಿ, ಮೇಲಿನ ಮಣ್ಣು ಒಣಗಿದ ಮೇಲೆ ನೀರು ಹಾಕು, ಬರೀ ಹಸಿರಿನ ಕವಲೇ ಹೆಚ್ಚಾದರೆ ಅಷ್ಟಿಷ್ಟು ಸವರು ಎಂದು ಗೆಳೆಯ ಹೇಳಿ ಹೋದ.

ವ್ಯಾಪಾರಿಗೆ ಗಿಡವೆಂದರೆ ಜೀವವಾಯಿತು. ಅಂಗಡಿಯಿಂದ ಬಂದವನು ಕೈಕಾಲು ತೊಳೆಯುವ ಮೊದಲೇ ಕಿಟಕಿಯ ಬಳಿ ಹೋಗಿ ನೋಡುತ್ತಿದ್ದ. ಮನೆಗೆ ಬಂದವರು ಎಲೆಯ ಬಿಳುಪನ್ನು ಹೊಗಳಿದರೇ ಹೊರತು ಹಸಿರನ್ನು ಯಾರೂ ಹೊಗಳಲಿಲ್ಲ. ಹೋಗುತ್ತ ಹೋಗುತ್ತ ಅವನ ಕಣ್ಣಿಗೆ ಹಸಿರು ಪಂಚೆಯ ಮೇಲಿನ ಕಲೆಯಂತೆ ಕಾಣತೊಡಗಿತು. ಹಸಿರು ಹೆಚ್ಚಿದ್ದ ಎಲೆಯನ್ನು ಚಿವುಟಿದ. ಆಮೇಲೆ ಹಸಿರು ಕಡಿಮೆ ಇದ್ದ ಎಲೆಯನ್ನೂ ಚಿವುಟಿದ. ಕೊನೆಗೆ ಗಿಡ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗೆ ನಿಂತಿತು. ಊರೆಲ್ಲ ಬಂದು ನೋಡಿತು, ವ್ಯಾಪಾರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅದಾದ ಮೇಲೆ ಹೊಸ ಎಲೆ ಬರಲಿಲ್ಲ. ಇದ್ದ ಎಲೆಗಳ ಅಂಚು ಕಂದಿತು. ವ್ಯಾಪಾರಿ ಕುಂಡವನ್ನು ಈ ಕಿಟಕಿಯಿಂದ ಆ ಕಿಟಕಿಗೆ ಸರಿಸಿದ, ಗೊಬ್ಬರ ಹಾಕಿದ, ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಏನು ಮಾಡಿದರೂ ಗಿಡ ಸೊರಗುತ್ತಲೇ ಹೋಯಿತು. ಅವನಿಗೂ ಊಟ ಸೇರಲಿಲ್ಲ.

ಒಂದು ಬೆಳಗ್ಗೆ ಬುಡದಲ್ಲಿ ಪುಟ್ಟ ಹಸಿರು ಚಿಗುರು ಕಂಡಿತು. ಅದನ್ನಾದರೂ ಬಿಡಿ ಎಂದಳು ಹೆಂಡತಿ. ಬಿಳಿ ಎಲೆಗಳ ಪಾಲನ್ನು ತಿನ್ನುತ್ತಿರುವ ಕಳ್ಳ ಇದೇ ಎಂದುಕೊಂಡ ವ್ಯಾಪಾರಿ. ಚಿವುಟಿ ಕಿಟಕಿಯ ಕಟ್ಟೆಯ ಮೇಲೆ ಹಾಕಿ, ಆಳು ಕಳಿಸಿ ಗೆಳೆಯನನ್ನು ಕರೆಸಿದ.

ಸಂಜೆ ಗೆಳೆಯ ಬಂದವನು ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಆಮೇಲೆ ಹೇಳಿದ: “ಗಿಡಕ್ಕೆ ಅಡುಗೆಯಾಗುವುದು ಹಸಿರಿನಲ್ಲಿ. ಬಿಳಿಯದು ಕೂತು ಉಣ್ಣುತ್ತದೆ, ಅಷ್ಟೆ. ಸ್ವಲ್ಪ ಸವರು ಅಂದರೆ ನೀನು ಇದ್ದಬದ್ದ ಒಲೆಗಳನ್ನೆಲ್ಲ ಆರಿಸಿ ಎಲೆ ಹಾಕಿಕೊಂಡು ಕೂತಿದ್ದೀಯಲ್ಲ, ಮಾರಾಯ.”

“ಈಗೇನೂ ದಾರಿಯಿಲ್ಲವೇ?”

“ಬುಡದಲ್ಲಿ ಒಂದೇ ಒಂದು ಹಸಿರು ಚಿಗುರಿದ್ದರೆ ಸಾಕು. ಮೇಲಿನ ಬಿಳಿಯನ್ನೆಲ್ಲ ಕತ್ತರಿಸಿ ಅದನ್ನು ಉಳಿಸಿಕೊಳ್ಳಬಹುದು.”

ವ್ಯಾಪಾರಿ ಕಿಟಕಿಯ ಕಡೆ ತಿರುಗಿದ. ಬೆಳಗ್ಗೆ ಚಿವುಟಿ ಹಾಕಿದ ಚಿಗುರು ಅಲ್ಲೇ ಇತ್ತು, ಬಾಡಿ ಮುದುಡಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವನು ಅತ್ತ. ಬುಡಕ್ಕೆ ಮತ್ತೆ ಅಂಟಿಸುವ ಹಾಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡವೀಶ ತಲೆ ತಗ್ಗಿಸಿದ. ಆ ವ್ಯಾಪಾರಿ ಬೆಳಗ್ಗೆಯೇ ಗೆಳೆಯನನ್ನು ಕೇಳಿದ್ದರೆ ಗಿಡ ಉಳಿಯುತ್ತಿತ್ತಲ್ಲವೇ ಎಂದು ಮೆಲ್ಲಗೆ ಕೇಳಿದ.

“ನಿನ್ನ ತಾಯಿಗೆ ಮೊಣಕಾಲು ನೋವು,” ಎಂದರು ಗುರುಗಳು, “ಇನ್ನೂ ಬಹಳ ದೂರ ಹೋಗಿರಲಾರಳು.”

ಅಡವೀಶ ಎದ್ದು ಬಾಗಿಲ ಕಡೆ ಓಡಿದ.