ಅಪ್ಪಣೆ ಕೇಳುವ ಸರ್ವರ್

ಧಾರವಾಡದ ಒಂದು ನಿಘಂಟು ಕಚೇರಿ. ಯಾರು ಏನು ತಿದ್ದಿದರೂ ಹಳೆಯದನ್ನೂ ಹೊಸದನ್ನೂ ಜೋಪಾನವಾಗಿಡುವ ಸರ್ವರ್ ಒಂದನ್ನು ಅಲ್ಲಿಯ ಗುಮಾಸ್ತೆ ಲಿನಕ್ಸ್ ಕಂಪ್ಯೂಟರಿನ ಮೇಲೆ ಕೂರಿಸಿದಳು. ನಿರ್ದೇಶಕ ಇನಾಮದಾರ ಸಾಹೇಬರು ಗುಡುಗಿದರು: "ನನ್ನ ಅಪ್ಪಣೆ ಇಲ್ಲದ ಒಂದು ಚುಕ್ಕಿನೂ ಒಳಗ ಹೋಗಬಾರದು. ಹೋತಂದ್ರ ನಿನ್ನ ನೌಕರಿನೂ ಹೋತು!"

"ಆತ್ರೀ ಸಾಹೇಬ್ರ," ಎಂದವಳು ಪ್ರತಿ ತಿದ್ದುಪಡಿಗೂ ಸಾಹೇಬರ ಮೊಬೈಲಿಗೆ ಅಪ್ಪಣೆ ಕೇಳುವಂತೆ ಸರ್ವರ್‌ಗೆ ಕಲಿಸಿದಳು.

ಮರುದಿನ ಪಂಡಿತರೆಲ್ಲ ತಿದ್ದಲು ಕುಳಿತರು. ಸಾಹೇಬರ ಮೊಬೈಲು ಒಂದೇ ಸಮನೆ ಕೂಗತೊಡಗಿತು. ಈ ಚುಕ್ಕಿ ಇಡಲೇ? ಆ ಒತ್ತು ತೆಗೆಯಲೇ? ಊಟಕ್ಕೆ ಕೂತರೂ ಬಿಡಲಿಲ್ಲ, ಬೀಗರ ಮನೆಯ ಬಚ್ಚಲಿಗೆ ಹೋದರೂ ಬಿಡಲಿಲ್ಲ. ಸಂಜೆ ಕ್ಷೌರದ ಕುರ್ಚಿಯಿಂದೆದ್ದು, ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡೇ ಕಚೇರಿಗೆ ಓಡಿಬಂದರು.

"ಏ ತಾಯಿ, ನಾ ಸತ್ತೀನಂತ ಅದಕ್ಕ ಹೇಳವ್ವಾ!"

"ಹೇಳತೇನ್ರೀ," ಎಂದು ಗುಮಾಸ್ತೆ ಕೀಲಿ ಕುಟ್ಟಿದಳು.

ಸಾಹೇಬರ ಕೈಯಲ್ಲಿ ಮೊಬೈಲು ಕೂಗಿತು: "ಸಾಹೇಬರು ಸತ್ತರು ಎಂದು ಸೇರಿಸಲೇ? ತಮ್ಮ ಅಪ್ಪಣೆ ಬೇಕು."