ನೆಗಡಿಯಾದ ಅರಸನೂ ತಿಪ್ಪಮ್ಮನ ಪಡಿಯೂ

ಕೆಂಚನಗಡದ ಧರ್ಮದ ಉಗ್ರಾಣ ಪಾರುಪತ್ಯಗಾರ ಸೂರಪ್ಪಯ್ಯನ ಕೈಯಲ್ಲಿತ್ತು. ಉಗ್ರಾಣದಿಂದ ಧರ್ಮ ಹೊರಗೆ ಹೋಗದ ಹಾಗೆ ಅವನು ಬಲು ಎಚ್ಚರದಿಂದ ನೋಡಿಕೊಂಡಿದ್ದ. ಒಂದು ದಿನ ತುಂಬಿದ ಸಭೆಯಲ್ಲಿ ಮೀಸೆ ತಿರುವಿ, ತನ್ನನ್ನು ಏಮಾರಿಸಿ ಹಿಡಿ ಅಕ್ಕಿ ಒಯ್ದವರು ಇನ್ನೂ ಹುಟ್ಟಿಲ್ಲ ಎಂದು ಕೊಚ್ಚಿಕೊಂಡ.

ಅರಸ ಹಾಲಪ್ಪ ನಾಯಕ ತಲೆದೂಗಿದ. ಒಳ್ಳೆಯ ಮನುಷ್ಯ, ಆದರೆ ಯಾರು ಏನು ಹೇಳಿದರೂ ತಲೆದೂಗುತ್ತಿದ್ದ.

ಆ ಉಗ್ರಾಣದಲ್ಲಿ ಎರಡು ಬಗೆಯ ಪಡಿ ಕೊಡುತ್ತಿದ್ದರು. ಕಾಯಿಲೆ ಬಿದ್ದವರಿಗೆ ಗಂಜಿಯ ಅಕ್ಕಿ, ಕಷಾಯದ ಸಾಮಾನು. ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ರಾಗಿ, ಬೇಳೆ, ದೀಪದೆಣ್ಣೆ. ಅವರು ಮನೆ ಬಿಟ್ಟು ಕೂಲಿಗೆ ಹೋಗುವ ಹಾಗಿಲ್ಲವಲ್ಲ. ಅರಸನ ಅಜ್ಜಿ ಮಾಡಿಟ್ಟ ಏರ್ಪಾಡು. ಮುಂದೊಬ್ಬ ಸೂರಪ್ಪಯ್ಯ ಹುಟ್ಟುತ್ತಾನೆಂದು ಆ ಪುಣ್ಯಾತ್ಗಿತ್ತಿಗೇನು ಗೊತ್ತು?

ಅವನ ಜಂಬ ಮುಗಿಯುವಷ್ಟರಲ್ಲಿ ಕೆಳಪೇಟೆಯ ತಿಪ್ಪಮ್ಮ ಕಂಬ ಹಿಡಿದುಕೊಂಡು ಏದುಸಿರು ಬಿಡುತ್ತ ಸಭೆಗೆ ಬಂದಳು. ಅವಳ ಅತ್ತೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ತಿಪ್ಪಮ್ಮನಿಗೋ ಉಬ್ಬಸ. ಮನೆಯಲ್ಲಿ ಮತ್ತಾರೂ ಇಲ್ಲ, ಒಲೆ ಹೊತ್ತಿಸೋಣವೆಂದರೆ ಮಡಕೆಯಲ್ಲಿ ಏನೂ ಇಲ್ಲ.

ಮೊದಲು ಅವಳು ನೋಡಿಕೊಳ್ಳುವವರ ಪಡಿ ಕೇಳಿದ್ದಳಂತೆ. ಅವಳ ಕೆಮ್ಮು ಕೇಳಿ ಸೂರಪ್ಪಯ್ಯ, ನೀನೇ ರೋಗಿ, ನೀನು ಯಾರನ್ನು ನೋಡಿಕೊಳ್ಳುತ್ತೀಯೆ ಎಂದು ಅಟ್ಟಿದ. ಸರಿ, ರೋಗಿಯ ಪಡಿಯನ್ನಾದರೂ ಕೊಡಿ ಎಂದಳು. ಅತ್ತೆಯನ್ನು ದಿನಾ ಎತ್ತಿ ಕೂರಿಸುವವರು ಯಾರು ಎಂದು ಕೇಳಿದ. ನಾನೇ ಎಂದಳು, ಪಾಪ. ಅಷ್ಟು ದಪ್ಪ ಹೆಂಗಸನ್ನು ಎತ್ತುವವಳು ರೋಗಿಯೇ ಎಂದು ಮತ್ತೆ ಅಟ್ಟಿದ.

"ಯಾವ್ದು ಕೇಳ್ಬೇಕು ಅಂತ ನೀವೇ ಹೇಳಿ ಬುದ್ಧೀ, ಅದನ್ನೇ ಕೇಳ್ತೀನಿ," ಎಂದಳು ತಿಪ್ಪಮ್ಮ. "ಕೆಮ್ಮೋಳೂ ನಾನೇ, ನೋಡ್ಕಳೋಳೂ ನಾನೇ."

"ಮಹಾಸ್ವಾಮಿ, ಲೆಕ್ಕ ಸುಲಭ," ಎಂದ ಸೂರಪ್ಪಯ್ಯ. "ರೋಗಿಯಾದವರು ನೋಡಿಕೊಳ್ಳಲಾರರು. ನೋಡಿಕೊಳ್ಳುವವರು ರೋಗಿಗಳಲ್ಲ."

ಅರಸ ತಲೆದೂಗಿಬಿಟ್ಟ. ತಿಪ್ಪಮ್ಮನ ಮುಖ ಸಣ್ಣದಾಯಿತು.

ಆಗ ವಿದೂಷಕ ಗುಮ್ಮಣ್ಣ ಎದ್ದು ನಿಂತ. ಅವನು ಕೈಮುಗಿದು ವಿನಯದಿಂದ ಮಾತಾಡಿದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ಸಭೆಗೆಲ್ಲ ಗೊತ್ತಿತ್ತು, ಅರಸನೊಬ್ಬನನ್ನು ಬಿಟ್ಟು.

"ಈ ಅಪ್ಪಣೆ ಕೆಳಪೇಟೆಗೆ ಮಾತ್ರವೋ, ನಾಡಿಗೆಲ್ಲವೋ, ಮಹಾಸ್ವಾಮಿ?"

"ನಾಡಿಗೆಲ್ಲ."

"ಅರಮನೆಯ ಒಳಗೂ?"

"ಒಳಗೂ ಹೊರಗೂ," ಎಂದ ಅರಸ, ಮತ್ತು ಸೀನಿದ. ಬೆಳಗಿನಿಂದ ಅವನಿಗೆ ನೆಗಡಿ ಶುರುವಾಗಿತ್ತು.

ಗುಮ್ಮಣ್ಣ ನೆಲಮುಟ್ಟಿ ನಮಸ್ಕರಿಸಿದ. ತಿಪ್ಪಮ್ಮನಿಗೆ ಸ್ವಲ್ಪ ಹೊತ್ತು ಕೂತಿರಲು ಹೇಳಿ ನೇರ ಅಡುಗೆಮನೆಗೆ ಹೋದ. ಅಲ್ಲಿಂದ ವೈದ್ಯರ ಬಳಿಗೂ ಹೋದ.

ಮಧ್ಯಾಹ್ನ ಅರಸ ಎಲೆಯ ಮುಂದೆ ಕೂತ. ಒಬ್ಬಟ್ಟಿನ ವಾಸನೆ ಕಟ್ಟಿದ ಮೂಗಿಗೂ ಬಡಿಯುತ್ತಿತ್ತು. ಬಾಣಸಿಗ ಬಂದವನೇ ಎಲೆಯನ್ನು ಮಡಿಸಿ ಎತ್ತಿಕೊಂಡ. ರಾಜಭೋಜನ ರಾಜ್ಯ ನೋಡಿಕೊಳ್ಳುವವರಿಗೆ, ತಾವು ಸೀನಿದಿರಂತೆ, ರೋಗಿಯಾದವರು ನೋಡಿಕೊಳ್ಳಲಾರರು, ಅಪ್ಪಣೆ ತಮ್ಮದೇ ಎಂದ.

ಹಾಗಾದರೆ ಗಂಜಿಯನ್ನೂ ಕಷಾಯವನ್ನೂ ತರಿಸಿ ಎಂದ ಅರಸ. ವೈದ್ಯರು ಕಷಾಯದ ಬಟ್ಟಲು ಹಿಡಿದೇ ಬಂದರು. ಆದರೆ ಬೆಳಗ್ಗೆ ತಾವು ಸಭೆ ನಡೆಸಿದ್ದನ್ನು ಊರೇ ನೋಡಿದೆ, ರಾಜ್ಯ ನೋಡಿಕೊಳ್ಳುವವರು ರೋಗಿಗಳಲ್ಲ ಎಂದು ಹೇಳಿ, ದಂಡವಾಗಬಾರದೆಂದು ಆ ಕಷಾಯವನ್ನು ತಾವೇ ಕುಡಿದರು. ಗಂಜಿ ಬರಲೇ ಇಲ್ಲ.

ಮೂಗೊರೆಸುವ ವಸ್ತ್ರ ಹಿಡಿದ ಸೇವಕನೂ ದೂರ ನಿಂತು, ಈ ಮೂಗು ಅರಸರದೋ ರೋಗಿಯದೋ ತಿಳಿಸಬೇಕು ಎಂದು ಬೇಡಿಕೊಂಡ. ಅರಸನ ಹೊಟ್ಟೆ ಚುರುಗುಟ್ಟುತ್ತಿತ್ತು, ಮೂಗು ಸೋರುತ್ತಿತ್ತು. ಪೀತಾಂಬರದ ಅಂಚಿನಲ್ಲೇ ಒರೆಸಿಕೊಂಡು ಸಭೆಗೆ ನುಗ್ಗಿ, ಗುಮ್ಮಣ್ಣನನ್ನೂ ಸೂರಪ್ಪಯ್ಯನನ್ನೂ ಎದುರಿಗೆ ನಿಲ್ಲಿಸಿದ.

"ನಾನೇನೂ ಮಾಡಿಲ್ಲ," ಎಂದ ಗುಮ್ಮಣ್ಣ. "ತಮ್ಮ ಅಪ್ಪಣೆಯನ್ನು ಒಳಗೆ ಮುಟ್ಟಿಸಿದೆ, ಅಷ್ಟೇ. ತಪ್ಪಿದ್ದರೆ ಪಾರುಪತ್ಯಗಾರರೇ ಹೇಳಲಿ."

ಸೂರಪ್ಪಯ್ಯ ಬೆವೆತುಹೋದ. ಮಹಾಸ್ವಾಮಿಯವರಿಗೆ ನೆಗಡಿಯೇ ಆಗಿಲ್ಲ, ಅದು ಮೂಗಿನ ಬೆವರು ಎಂದ.

ಹಸಿದಿದ್ದ ಅರಸನಿಗೆ ತಲೆದೂಗುವ ಅಭ್ಯಾಸವೇ ಮರೆತುಹೋಯಿತು.

"ನೆಗಡಿಯೇ ಕಣಯ್ಯ! ನೆಗಡಿಯಾದರೆ ನಾನು ಅರಸನಲ್ಲವೇನು? ಮೂಗು ಸೋರುತ್ತದೆಂದು ರಾಜ್ಯವನ್ನು ಯಾರ ಕೈಗೆ ಕೊಡಲಿ? ಮೂಗು ಒರೆಸಿಕೊಂಡೇ ನೋಡಿಕೊಳ್ಳಬೇಕು. ಅಂಥವನಿಗೆ ಊಟವೂ ಬೇಕು, ಕಷಾಯವೂ ಬೇಕು."

"ತಿಪ್ಪಮ್ಮ ಹೇಳಬೇಕೆಂದಿದ್ದುದೂ ಅದನ್ನೇ," ಎಂದ ಗುಮ್ಮಣ್ಣ. "ಅವಳಿಗೆ ಅಷ್ಟುದ್ದ ಮಾತಿಗೆ ಉಸಿರು ಸಾಲಲಿಲ್ಲ."

ಅರಸ ಕಂಬದ ಕಡೆ ನೋಡಿದ. ತಿಪ್ಪಮ್ಮ ಇನ್ನೂ ಅಲ್ಲೇ ಕೂತಿದ್ದಳು. ಅವನಿಗೆ ನಾಚಿಕೆಯಾಯಿತು. ಎರಡೂ ಪಡಿಯನ್ನು ಈಗಲೇ ಅವಳ ಮನೆಗೆ ಮುಟ್ಟಿಸಬೇಕೆಂದ.

ಸೂರಪ್ಪಯ್ಯನಿಗೆ ತಡೆಯಲಾಗಲಿಲ್ಲ. "ಅರಸರಿಗೂ ಇವಳಿಗೂ ಎಲ್ಲಿಯ ಹೋಲಿಕೆ ಮಹಾಸ್ವಾಮಿ? ತಾವು ನೋಡಿಕೊಳ್ಳುವುದು ಇಡೀ ಕೆಂಚನಗಡವನ್ನು. ಇವಳು ಒಬ್ಬಳನ್ನು."

"ನಿಜ," ಎಂದ ಗುಮ್ಮಣ್ಣ. "ಆದರೆ ಆ ಒಬ್ಬಳು ಅತ್ತೆ."

ಅರಸ ನಗುತ್ತ ಸೀನಿದ, ಸೀನುತ್ತ ನಕ್ಕ. ನಗು ನಿಂತ ಮೇಲೆ, ಪಡಿಯ ಮೂಟೆಯನ್ನು ಸೂರಪ್ಪಯ್ಯನೇ ಹೊತ್ತೊಯ್ಯಬೇಕು, ಇವತ್ತೊಂದು ದಿನ ತಿಪ್ಪಮ್ಮ ಸುಧಾರಿಸಿಕೊಳ್ಳಲಿ, ಅತ್ತೆಯನ್ನು ಅವನೇ ನೋಡಿಕೊಳ್ಳಲಿ ಎಂದು ಅಪ್ಪಣೆ ಮಾಡಿದ.

ಅತ್ತೆ ಸೂರಪ್ಪಯ್ಯನಿಂದ ಬಿಸಿಲಿಗೆ ಎತ್ತಿಸಿಕೊಂಡಳು, ನೆರಳಿಗೆ ಎತ್ತಿಸಿಕೊಂಡಳು, ಗಂಜಿಗೆ ಉಪ್ಪು ಹೆಚ್ಚೆಂದಳು, ಮತ್ತೆ ಬಿಸಿಲಿಗೆ ಎತ್ತು ಎಂದಳು.

ಸಂಜೆ ಸೂರಪ್ಪಯ್ಯ ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡು, ಬಗ್ಗಿದವನು ಬಗ್ಗಿದ ಹಾಗೆಯೇ ಅರಮನೆಗೆ ಬಂದ. ಏನು ಬೇಕು ಎಂದು ಅರಸ ಕೇಳಿದ.

"ಎರಡೂ ಪಡಿ, ಮಹಾಸ್ವಾಮಿ."