ದೇಸಾಯರು ಕೇಳಿದ ವಾಲ್ವ್ ಆಂಪ್ಲಿಫೈಯರ್

ಧಾರವಾಡದ ರೇಡಿಯೋ ಮೆಕ್ಯಾನಿಕ್ ಮೌಲಾಸಾಬ, ಹಾಡಿನ ಹುಚ್ಚಿನ ದೇಸಾಯರ ಮನೆಯ ಕಪಾಟಿನಲ್ಲಿ ದನಿ ದೊಡ್ಡದು ಮಾಡುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಜೋಡಿಸಿದ. ದೇಸಾಯರು ಗುಡುಗಿದರು: "ಈ ತಗಡಿನ ದನಿ ನನಗ ಬ್ಯಾಡ. ಹಳೇ ಕಾಲದ ಗಾಜಿನ ವಾಲ್ವಿಂದು ತಂದು ಹಚ್ಚು. ಇಲ್ಲಾಂದ್ರ ನೀ ಮೋಸಗಾರ ಅಂತ ಊರಿಗೆಲ್ಲಾ ಹೇಳ್ತೀನಿ!"

ಮರುದಿನ ಮೌಲಾಸಾಬ ವಾಲ್ವ್ ಆಂಪ್ಲಿಫೈಯರ್ ತಂದು ಮೇಜಿನ ಮೇಲಿಟ್ಟ. ಅದರ ಗಾಜಿನ ಬುರುಡೆಗಳು ಕೆಂಪಗೆ ಬೆಳಗಿದವು. ರೆಕಾರ್ಡು ಹಚ್ಚಿದ, ಠುಮ್ರಿ ಶುರುವಾಯಿತು. ದೇಸಾಯರು ಕಣ್ಣು ಮುಚ್ಚಿ ತಲೆದೂಗಿದರು.

"ದನಿ ಅಂದ್ರ ಇದು! ಜೇನು ಸುರಿದಂಗ ಐತಿ. ನಿನ್ನ ಟ್ರಾನ್ಸಿಸ್ಟರ್ ಹಿಂಗ ಹಾಡತೈತೇನು?"

ಮೌಲಾಸಾಬ ಮೇಜಿನ ಹಿಂದಕ್ಕೆ ಬಾಗಿದ. ವಾಲ್ವಿನ ಪ್ಲಗ್ಗು ಕಿತ್ತ. ಬುರುಡೆಗಳು ಆರಿದವು. ಠುಮ್ರಿ ನಿಲ್ಲಲಿಲ್ಲ.

"ಸ್ಪೀಕರಿನ ವಾಯರು ನಾ ಬದಲಿಸೇ ಇಲ್ರಿ. ಹಾಡಾಕತ್ತಿದ್ದು ಕಪಾಟಿನೊಳಗಿನ ಟ್ರಾನ್ಸಿಸ್ಟರ್. ಎರಡರಾಗ ಯಾವುದನ್ನ ವಾಪಸ್ ಒಯ್ಯಲಿ, ಹೇಳ್ರಿ."

ದೇಸಾಯರ ಮುಖ ಕೆಂಪೇರಿತು. ಆದರೂ ಎದ್ದು ಕಪಾಟಿಗೆ ಅಡ್ಡ ನಿಂತರು.

"ಇದನ್ನ ಮಾತ್ರ ಮುಟ್ಟಬ್ಯಾಡೋ. ಠುಮ್ರಿ ಮುಗೀಲಿ."